ಮೊಬೈಲಿನ ವೈದ್ಯನಿಗೆ ಪರವಾನಗಿ ಬೇಡವೇ?

ವೈದ್ಯನಾದವನು ಶಾಸ್ತ್ರವನ್ನು ಅಧ್ಯಯನ ಮಾಡಿ, ಕರ್ಮಾಭ್ಯಾಸವನ್ನು ಪೂರೈಸಿ, ರಾಜನ ಅನುಮತಿಯನ್ನು ಪಡೆದ ಬಳಿಕವೇ ಚಿಕಿತ್ಸೆಗೆ ತೊಡಗಬೇಕೆಂದು ಸುಶ್ರುತ ಸಂಹಿತೆಯ ಸೂತ್ರಸ್ಥಾನವು ವಿಧಿಸುತ್ತದೆ. ಚರಕ ಸಂಹಿತೆಯು ವೈದ್ಯರಲ್ಲಿ ಎರಡು ಬಗೆಯವರನ್ನು ಗುರುತಿಸುತ್ತದೆ: ಪ್ರಾಣವನ್ನು ಕಾಯುವ ಪ್ರಾಣಾಭಿಸರರು ಮತ್ತು ರೋಗವನ್ನು ಬೆಳೆಸಿ ಪ್ರಾಣವನ್ನು ಕಳೆಯುವ ರೋಗಾಭಿಸರರು. ಎರಡನೆಯ ಬಗೆಯವರು ವೈದ್ಯವೇಷ ಧರಿಸಿ ನಾಡಿನಲ್ಲಿ ನಿರ್ಭಯವಾಗಿ ಸಂಚರಿಸುವುದಕ್ಕೆ ಅರಸನ ಅಜಾಗರೂಕತೆಯೇ ಕಾರಣವೆಂದು ಆಚಾರ್ಯರು ಸ್ಪಷ್ಟವಾಗಿ ಹೇಳಿದ್ದಾರೆ. ಇಲ್ಲಿ ಗಮನಿಸಬೇಕಾದುದು ಒಂದಿದೆ. ಮೋಸಹೋದ ರೋಗಿಯನ್ನು ಅವರು ದೂಷಿಸಲಿಲ್ಲ. ಕಾಯಬೇಕಾದವನು ಕಾಯಲಿಲ್ಲ ಎಂದರು.

ಎರಡು ಸಾವಿರ ವರ್ಷಗಳಿಗೂ ಹಿಂದಿನ ಈ ವಿವೇಕವು ಇಂದು ಹೊಸದೊಂದು ಸಂದರ್ಭದಲ್ಲಿ ಅಗತ್ಯವಾಗಿದೆ. ಈಗ ವೈದ್ಯವೇಷ ಧರಿಸಿರುವುದು ಮನುಷ್ಯನಲ್ಲ, ನಮ್ಮ ಅಂಗೈಯಲ್ಲಿರುವ ಯಂತ್ರ. ಕೃತಕ ಬುದ್ಧಿಮತ್ತೆಯ ಚಾಟ್‌ಬಾಟುಗಳು, ಆರೋಗ್ಯದ ಆ್ಯಪುಗಳು, ಔಷಧ ಮಾರುವ ಜಾಲತಾಣಗಳು, ನಕಲಿ ವೈದ್ಯರ ವಿಡಿಯೋಗಳು ಇವೆಲ್ಲವೂ ದಾವಣಗೆರೆಯ ಬಡಾವಣೆಯನ್ನೂ ಹರಿಹರ ತಾಲ್ಲೂಕಿನ ಕೊನೆಯ ಹಳ್ಳಿಯನ್ನೂ ಏಕಕಾಲದಲ್ಲಿ ತಲುಪಿವೆ. ಇವುಗಳಿಂದ ತೊಂದರೆಯಾದರೆ ಹೊಣೆ ಯಾರದು ಎಂಬ ಪ್ರಶ್ನೆಯನ್ನು ಆರೋಗ್ಯದ ಪ್ರಶ್ನೆಯೆಂದೇ ನಾವು ಭಾವಿಸುತ್ತೇವೆ. ಆದುದರಿಂದ ಈ ತಿಂಗಳು ಆಹಾರ ವಿಹಾರಗಳ ವಿಚಾರವನ್ನು ಬದಿಗಿರಿಸಿ ಇದನ್ನು ಕುರಿತು ಬರೆಯುತ್ತಿದ್ದೇವೆ.

ಚಿಕಿತ್ಸಾಲಯದಲ್ಲಿ ನಾವು ಕಾಣುತ್ತಿರುವುದು

ಹಿಂದೆ ರೋಗಿಗಳು ಬರುವಾಗ ಹಳೆಯ ಔಷಧ ಚೀಟಿಗಳನ್ನು ತರುತ್ತಿದ್ದರು. ಈಗ ಮೊಬೈಲನ್ನು ಮುಂದೆ ಹಿಡಿದು, "ಇದರಾಗ ಹಿಂಗ ಹೇಳೇತಿ, ನೀವೇನಂತೀರಿ ಡಾಕ್ಟ್ರೇ?" ಎಂದು ಕೇಳುತ್ತಾರೆ. ಕೇಳುವುದು ತಪ್ಪಲ್ಲ. ಕೇಳದೆಯೇ ಅನುಸರಿಸಿ, ತೊಂದರೆಯಾದ ಮೇಲೆ ಬರುವವರ ಸಂಖ್ಯೆ ಹೆಚ್ಚುತ್ತಿರುವುದು ನಮ್ಮ ಚಿಂತೆಗೆ ಕಾರಣ.

ಮಲೇಬೆನ್ನೂರಿನ ಕಡೆಯ ರೈತರೊಬ್ಬರು ಮಧುಮೇಹಕ್ಕೆ ಹಲವು ವರ್ಷಗಳಿಂದ ಮಾತ್ರೆ ಸೇವಿಸುತ್ತಿದ್ದರು. ಪ್ರಸಿದ್ಧ ವೈದ್ಯರೊಬ್ಬರಂತೆ ಕಾಣುವ ವ್ಯಕ್ತಿಯು ಅಚ್ಚ ಕನ್ನಡದಲ್ಲಿ, "ಮೂರೇ ವಾರದಲ್ಲಿ ಸಕ್ಕರೆ ಕಾಯಿಲೆ ಬೇರುಸಹಿತ ಮಾಯ" ಎಂದು ಹೇಳುವ ವಿಡಿಯೋ ನೋಡಿ ಚೂರ್ಣವೊಂದನ್ನು ತರಿಸಿಕೊಂಡರು, ಮಾತ್ರೆಯನ್ನು ನಿಲ್ಲಿಸಿದರು. ನಮ್ಮಲ್ಲಿಗೆ ಬಂದಾಗ ಕಾಲಿನ ಹುಣ್ಣು ಮಾಯದೆ ಆಳಕ್ಕಿಳಿದಿತ್ತು. ಅವರನ್ನು ಕೂಡಲೇ ದೊಡ್ಡ ಆಸ್ಪತ್ರೆಗೆ ಕಳುಹಿಸಬೇಕಾಯಿತು. ಡಬ್ಬಿಯ ಮೇಲಿದ್ದ ದೂರವಾಣಿ ಸಂಖ್ಯೆಗೆ ಅವರ ಮಗ ಕರೆ ಮಾಡಿದರೆ ಎತ್ತುವವರಿರಲಿಲ್ಲ. ಆ ವಿಡಿಯೋದ ವೈದ್ಯರು ಅಂಥ ಮಾತನ್ನು ಎಂದೂ ಆಡಿರಲಿಲ್ಲ. ಹಾಗಾದರೆ ಆ ರೈತ ಯಾರನ್ನು ಕೇಳಬೇಕು? ಚೂರ್ಣ ಮಾಡಿದವನನ್ನೇ, ಮಾರಿದ ಜಾಲತಾಣವನ್ನೇ, ಹಣ ಪಡೆದು ಜಾಹೀರಾತು ತೋರಿಸಿದ ವೇದಿಕೆಯನ್ನೇ, ಆ ಮುಖವನ್ನೂ ಧ್ವನಿಯನ್ನೂ ಸೃಷ್ಟಿಸಿದ ಯಂತ್ರದ ಒಡೆಯನನ್ನೇ?

ಯಂತ್ರವು ಎಲ್ಲಿ ಎಡವುತ್ತದೆ

ಆಯುರ್ವೇದದಲ್ಲಿ ರೋಗಿಯನ್ನು ನೋಡಿ, ಮುಟ್ಟಿ, ಪ್ರಶ್ನಿಸಿ ಅರಿಯುವ ಕ್ರಮವಿದೆ. ಪ್ರಕೃತಿ, ವಿಕೃತಿ, ಸಾರ, ಸಂಹನನ, ಪ್ರಮಾಣ, ಸಾತ್ಮ್ಯ, ಸತ್ತ್ವ, ಆಹಾರಶಕ್ತಿ, ವ್ಯಾಯಾಮಶಕ್ತಿ, ವಯಸ್ಸು ಎಂಬ ಹತ್ತು ಬಗೆಯ ಪರೀಕ್ಷೆಗಳನ್ನು ಚರಕರು ಹೇಳಿದ್ದಾರೆ. ಚಾಟ್‌ಬಾಟು ನೋಡುವುದಿಲ್ಲ, ಮುಟ್ಟುವುದಿಲ್ಲ. ಅದು ತಾನು ಓದಿದ ಅಪಾರ ಪಠ್ಯರಾಶಿಯ ಆಧಾರದಿಂದ, ಒಂದು ಪದದ ನಂತರ ಯಾವ ಪದ ಬರಲು ಹೆಚ್ಚು ಸಾಧ್ಯವೆಂಬುದನ್ನು ಲೆಕ್ಕಹಾಕಿ ವಾಕ್ಯಗಳನ್ನು ಜೋಡಿಸುತ್ತದೆ. ಆ ವಾಕ್ಯ ಬಹಳ ಸಲ ಸರಿಯಾಗಿಯೇ ಇರುತ್ತದೆ. ತಪ್ಪಿದಾಗಲೂ ಅಷ್ಟೇ ನಿರರ್ಗಳವಾಗಿ, ಅಷ್ಟೇ ವಿನಯದಿಂದ ಇರುತ್ತದೆ. ಸಾಮಾನ್ಯ ಓದುಗನಿಗೆ ಎರಡರ ವ್ಯತ್ಯಾಸ ತಿಳಿಯುವುದಿಲ್ಲ.

2025ರ ಆಗಸ್ಟ್‌ನಲ್ಲಿ ಅಮೆರಿಕದ ವೈದ್ಯಕೀಯ ಪತ್ರಿಕೆಯೊಂದರಲ್ಲಿ ವರದಿಯಾದ ಪ್ರಕರಣ ಇದಕ್ಕೆ ಸಾಕ್ಷಿ. ಅರವತ್ತು ವರ್ಷದ ವ್ಯಕ್ತಿಯೊಬ್ಬರು ಅಡುಗೆ ಉಪ್ಪಿನಲ್ಲಿರುವ ಕ್ಲೋರೈಡನ್ನು ತ್ಯಜಿಸಲು ಬಯಸಿ ಚಾಟ್‌ಜಿಪಿಟಿಯನ್ನು ವಿಚಾರಿಸಿದರು. ಬಳಿಕ ಉಪ್ಪಿಗೆ ಬದಲಾಗಿ ಸೋಡಿಯಂ ಬ್ರೋಮೈಡನ್ನು ಆನ್‌ಲೈನಿನಲ್ಲಿ ತರಿಸಿ ಮೂರು ತಿಂಗಳು ಬಳಸಿದರು. ಕೊನೆಗೆ ಭ್ರಮೆ, ಸಂಶಯ, ಇಲ್ಲದ್ದನ್ನು ಕಾಣುವ ಸ್ಥಿತಿಯಲ್ಲಿ ಆಸ್ಪತ್ರೆ ಸೇರಿದರು. ಬ್ರೋಮೈಡಿನ ವಿಷವು ನೂರು ವರ್ಷಗಳ ಹಿಂದೆ ಸಾಮಾನ್ಯವಾಗಿದ್ದು, ಈಗ ವೈದ್ಯರಿಗೇ ಅಪರೂಪವಾಗಿರುವಂಥದು. ಆ ವ್ಯಕ್ತಿ ಯಂತ್ರದೊಡನೆ ನಡೆಸಿದ ಸಂಭಾಷಣೆ ವೈದ್ಯರಿಗೆ ದೊರೆಯಲಿಲ್ಲ. ಅವರೇ ಅಂಥ ಪ್ರಶ್ನೆಯನ್ನು ಕೇಳಿ ನೋಡಿದಾಗ ಉತ್ತರದಲ್ಲಿ ಬ್ರೋಮೈಡಿನ ಹೆಸರು ಬಂತು. ಆದರೆ ಆರೋಗ್ಯದ ಬಗ್ಗೆ ನಿರ್ದಿಷ್ಟ ಎಚ್ಚರಿಕೆ ಇರಲಿಲ್ಲ. ಏಕೆ ಕೇಳುತ್ತಿರುವಿರಿ ಎಂದು ವೈದ್ಯನು ಕೇಳುವಂತೆ ಅದು ಮರಳಿ ಕೇಳಲೂ ಇಲ್ಲ.

ನಮ್ಮ ಸೀಮೆಯ ಕನ್ನಡದ ವಿಚಾರಕ್ಕೆ ಬಂದರೆ ಅಪಾಯ ಇನ್ನೊಂದು ಬಗೆಯದು. "ಎದಿ ಹಿಡಕೊಂಡಂಗಾಗೇತಿ, ಗ್ಯಾಸ್ ಇರಬೇಕು" ಎಂದು ಬೆವರುತ್ತ ಹೇಳುವ ರೋಗಿಯ ಮಾತಿನಲ್ಲಿ ಹೃದಯಾಘಾತವೇ ಅಡಗಿರಬಹುದು. ಅನುಭವಿ ವೈದ್ಯನು ಮಾತಿಗಿಂತ ಬೆವರನ್ನು ಗಮನಿಸುತ್ತಾನೆ. ಬರೆದ ಮಾತನ್ನಷ್ಟೇ ಬಲ್ಲ ಯಂತ್ರವು 'ಗ್ಯಾಸ್' ಎಂಬುದಕ್ಕೇ ಉತ್ತರ ಕೊಡಬಹುದು. ಗಿಡಮೂಲಿಕೆಗಳ ಹೆಸರುಗಳೂ ಹಾಗೆಯೇ. 'ಬ್ರಾಹ್ಮಿ' ಎಂಬ ಹೆಸರಿನಿಂದ ಕೆಲವರು ಒಂದೆಲಗವನ್ನು, ಮತ್ತೆ ಕೆಲವರು ನೀರುಬ್ರಾಹ್ಮಿಯನ್ನು ಕರೆಯುತ್ತಾರೆ. ಎರಡೂ ಬೇರೆ ಬೇರೆ ಸಸ್ಯಗಳು. ಅಮೃತಬಳ್ಳಿಯನ್ನು ಹೋಲುವ ಅದರ ಜಾತಿಯದೇ ಇನ್ನೊಂದು ಬಳ್ಳಿಯುಂಟು. ಅದನ್ನು ಅಮೃತಬಳ್ಳಿಯೆಂದು ತಿಳಿದು ಸೇವಿಸಬಾರದೆಂದು ಆಯುಷ್ ಸಚಿವಾಲಯವೇ ಎಚ್ಚರಿಸಬೇಕಾಯಿತು. ಎಲೆಯ ಚಿತ್ರವೊಂದನ್ನು ನೋಡಿ ಆ್ಯಪು ಹೇಳುವ ಹೆಸರನ್ನು ನಂಬಿ ಕಷಾಯ ಕುದಿಸುವುದು ಎಷ್ಟು ಅಪಾಯಕರವೆಂಬುದನ್ನು ಬಿಡಿಸಿ ಹೇಳಬೇಕಿಲ್ಲ.

ಕದ್ದ ಮುಖ, ಕದ್ದ ಧ್ವನಿ

ಹೃದ್ರೋಗ ತಜ್ಞರಾದ ಡಾ. ದೇವಿ ಶೆಟ್ಟಿಯವರನ್ನು ಅರಿಯದ ಕನ್ನಡಿಗರಿಲ್ಲ. ಅವರ ಹೆಸರು ಮತ್ತು ಚಿತ್ರಗಳನ್ನು ಅನುಮತಿಯಿಲ್ಲದೆ ಬಳಸಿ ಆರೋಗ್ಯದ ವಿಡಿಯೋಗಳನ್ನು ಹರಡುತ್ತಿದ್ದವರ ವಿರುದ್ಧ ಅವರು 2024ರಲ್ಲಿ ದೆಹಲಿ ಹೈಕೋರ್ಟಿನ ಮೊರೆ ಹೋಗಬೇಕಾಯಿತು. ನ್ಯಾಯಾಲಯವು ಅಂಥ ಬಳಕೆಯನ್ನು ತಡೆಯಿತು. ದೇಶವಿಖ್ಯಾತ ವೈದ್ಯರಿಗೆ ಹೈಕೋರ್ಟಿನ ಬಾಗಿಲು ತೆರೆಯುತ್ತದೆ. ಆ ಬಗೆಯ ವಿಡಿಯೋ ನಂಬಿ ಔಷಧ ಬಿಟ್ಟ ಹಳ್ಳಿಯ ಮುದುಕಿಗೆ ಯಾವ ಬಾಗಿಲು ತೆರೆಯುತ್ತದೆ?

ಈ ಮಾತನ್ನಾಡುವಾಗ ನಮ್ಮ ಮನೆಯೊಳಗಿನ ಕಸವನ್ನು ಮರೆಮಾಚುವುದು ಸಲ್ಲದು. ಇಂಥ ಜಾಹೀರಾತುಗಳಲ್ಲಿ ಬಹಳಷ್ಟು ಹೊರಬರುವುದು ಆಯುರ್ವೇದದ ಹೆಸರಿನಲ್ಲಿಯೇ. ಮಧುಮೇಹ, ಕ್ಯಾನ್ಸರ್, ಪಾರ್ಶ್ವವಾಯು, ಅಪಸ್ಮಾರ ಮೊದಲಾದ ರೋಗಗಳನ್ನು ಗುಣಪಡಿಸುತ್ತೇವೆಂದು ಔಷಧದ ಜಾಹೀರಾತು ನೀಡುವುದನ್ನು 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆಯು ಅಪರಾಧವೆನ್ನುತ್ತದೆ. ಆದರೆ ಮೊದಲ ಅಪರಾಧಕ್ಕೆ ಗರಿಷ್ಠ ಶಿಕ್ಷೆ ಆರು ತಿಂಗಳು ಮಾತ್ರ. 2018ರಲ್ಲಿ ಔಷಧ ನಿಯಮಗಳಿಗೆ ಸೇರಿಸಿದ 170ನೆಯ ನಿಯಮವು, ಆಯುರ್ವೇದ ಔಷಧದ ಜಾಹೀರಾತಿಗೆ ರಾಜ್ಯದ ಪರವಾನಗಿ ಅಧಿಕಾರಿಯ ಪೂರ್ವಾನುಮತಿ ಬೇಕೆಂದು ವಿಧಿಸಿತ್ತು. 2024ರ ಜುಲೈ 1ರಂದು ಆಯುಷ್ ಸಚಿವಾಲಯವು ಆ ನಿಯಮವನ್ನೇ ಕೈಬಿಟ್ಟಿತು. ಆಗಸ್ಟ್ 27ರಂದು ಸುಪ್ರೀಂ ಕೋರ್ಟ್ ಅದಕ್ಕೆ ತಡೆ ನೀಡಿತಾದರೂ, 2025ರ ಆಗಸ್ಟ್‌ನಲ್ಲಿ ಪ್ರಕರಣವು ಮುಕ್ತಾಯಗೊಂಡಾಗ ಆ ತಡೆಯೂ ಕೊನೆಗೊಂಡಿತು. ಯಂತ್ರವು ಕ್ಷಣಾರ್ಧದಲ್ಲಿ ನೂರು ಜಾಹೀರಾತುಗಳನ್ನು ಸೃಷ್ಟಿಸಬಲ್ಲ ಕಾಲದಲ್ಲಿ, ಹಾದಿಯಲ್ಲಿದ್ದ ಒಂದು ಗೇಟನ್ನೂ ಕಿತ್ತುಹಾಕಿದಂತಾಗಿದೆ. ಆಯುರ್ವೇದದ ಮಾನವನ್ನು ಉಳಿಸಬೇಕೆನ್ನುವವರು ಮೊದಲು ಆ ನಿಯಮವನ್ನು ಮರಳಿ ತರಬೇಕೆಂದು ಕೇಳಬೇಕು.

ಇರುವ ಕಾನೂನು, ಉಳಿದಿರುವ ಬಿರುಕು

ದೇಶದಲ್ಲಿ ಕಾನೂನುಗಳೇ ಇಲ್ಲವೆಂದಲ್ಲ. 2020ರ ಮಾರ್ಚ್ 25ರ ಟೆಲಿಮೆಡಿಸಿನ್ ಮಾರ್ಗಸೂಚಿಯು, ಕೃತಕ ಬುದ್ಧಿಮತ್ತೆಯ ವೇದಿಕೆಗಳು ರೋಗಿಗೆ ಸಲಹೆ ನೀಡುವಂತಿಲ್ಲ, ಔಷಧ ಬರೆಯುವಂತಿಲ್ಲ, ನೋಂದಾಯಿತ ವೈದ್ಯನಿಗೆ ನೆರವಾಗಬಹುದಷ್ಟೇ ಎಂದು ಸ್ಪಷ್ಟವಾಗಿ ಹೇಳಿದೆ. ವತ್ಸನಾಭ, ಭಲ್ಲಾತಕ, ಜಯಪಾಲ, ಪಾರದ ಮುಂತಾದ ವಿಷದ್ರವ್ಯಗಳುಳ್ಳ ಔಷಧಗಳನ್ನು ವೈದ್ಯರ ಚೀಟಿಯಿಲ್ಲದೆ ಆನ್‌ಲೈನಿನಲ್ಲಿ ಮಾರಬಾರದೆಂದು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರವು 2022ರಲ್ಲಿ ತಿಳಿಸಿದೆ. 2023ರ ನವೆಂಬರ್ 30ರಂದು ಅದೇ ಪ್ರಾಧಿಕಾರವು ಗ್ರಾಹಕರನ್ನು ಸಿಕ್ಕಿಸುವ ಹದಿಮೂರು ಬಗೆಯ ಕುತಂತ್ರ ವಿನ್ಯಾಸಗಳನ್ನು ನಿಷೇಧಿಸಿತು. 'ಇನ್ನು ಐದೇ ನಿಮಿಷ' ಎಂದು ಸುಳ್ಳು ಆತುರ ಹುಟ್ಟಿಸುವುದು, ಕೇಳದ ವಸ್ತುವನ್ನು ಬಿಲ್ಲಿನಲ್ಲಿ ನುಸುಳಿಸುವುದು, ಸೇರುವಾಗ ಸುಲಭವಾಗಿದ್ದ ಚಂದಾದಾರಿಕೆಯಿಂದ ಹೊರಬರಲು ದಾರಿಯೇ ಕಾಣದಂತೆ ಮಾಡುವುದು, ಇವೆಲ್ಲ ಅದರಲ್ಲಿ ಸೇರಿವೆ. 2026ರ ಫೆಬ್ರವರಿಯಿಂದ ಯಂತ್ರನಿರ್ಮಿತ ದೃಶ್ಯ ಮತ್ತು ಧ್ವನಿಗೆ ಸ್ಪಷ್ಟ ಗುರುತು ಹಾಕಬೇಕೆಂಬ ನಿಯಮವೂ ಬಂದಿದೆ.

ಆದರೆ ಮುಖ್ಯವಾದ ಕಡೆಗಳಲ್ಲೇ ಬಿರುಕುಗಳಿವೆ.

ಮೊದಲನೆಯದು, 'ಉಚಿತ' ಎಂಬ ಮಾತಿನ ಬಿರುಕು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯು ಉಚಿತವಾಗಿ ನೀಡುವ ಸೇವೆಯನ್ನು 'ಸೇವೆ' ಎಂಬುದರ ವ್ಯಾಪ್ತಿಯಿಂದ ಹೊರಗಿಟ್ಟಿದೆ. ಚಾಟ್‌ಬಾಟು, ಆರೋಗ್ಯದ ಆ್ಯಪುಗಳಲ್ಲಿ ಬಹುಪಾಲು ಉಚಿತ. ನಿಜದಲ್ಲಿ ನಾವು ಬೆಲೆ ತೆರುತ್ತಲೇ ಇದ್ದೇವೆ: ನಮ್ಮ ರೋಗ, ನಮ್ಮ ಔಷಧ, ಮನೆಯ ಹೆಣ್ಣುಮಕ್ಕಳ ಋತುಚಕ್ರದ ದಿನಾಂಕ, ನಿದ್ದೆಬಾರದ ರಾತ್ರಿಯಲ್ಲಿ ತೋಡಿಕೊಂಡ ದುಃಖ, ಇವೇ ಆ ಬೆಲೆ. ಹಣ ಪಡೆದು ನೋಡುವ ವೈದ್ಯರು ಗ್ರಾಹಕ ಕಾಯ್ದೆಗೆ ಒಳಪಡುತ್ತಾರೆಂದು ಸುಪ್ರೀಂ ಕೋರ್ಟ್ 1995ರಲ್ಲಿಯೇ ತೀರ್ಪಿತ್ತಿದೆ. ಮಾಹಿತಿ ಪಡೆದು ಸಲಹೆ ಕೊಡುವ ಕಂಪನಿಯೂ ಒಳಪಡಬೇಡವೇ?

ಎರಡನೆಯದು, ಪರಿಹಾರದ ಬಿರುಕು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ 250 ಕೋಟಿ ರೂಪಾಯಿಗಳವರೆಗೆ ದಂಡಕ್ಕೆ ಅವಕಾಶವಿದೆ. ಆದರೆ ಆ ಹಣ ಸೇರುವುದು ಸರ್ಕಾರದ ಸಂಚಿತ ನಿಧಿಗೆ. ಮಾಹಿತಿ ಸೋರಿಕೆಯಿಂದ ನೊಂದವನಿಗೆ ಪರಿಹಾರ ಕೇಳಲು ಮಾಹಿತಿ ತಂತ್ರಜ್ಞಾನ ಕಾಯ್ದೆಯಲ್ಲಿದ್ದ 43ಎ ವಿಧಿಯನ್ನೂ ಈ ಕಾಯ್ದೆಯೇ ತೆಗೆದುಹಾಕುತ್ತದೆ. ಮೇಲಾಗಿ, 2025ರ ನವೆಂಬರ್‌ನಲ್ಲಿ ಹೊರಬಂದ ನಿಯಮಗಳು ಕಂಪನಿಗಳ ಪ್ರಮುಖ ಕರ್ತವ್ಯಗಳಿಗೆ ಹದಿನೆಂಟು ತಿಂಗಳ ಕಾಲಾವಕಾಶ ನೀಡಿವೆ.

ಮೂರನೆಯದು, ಪೂರ್ವಪರೀಕ್ಷೆಯ ಬಿರುಕು. ದಾವಣಗೆರೆಯ ಕಿರಾಣಿ ಅಂಗಡಿಯವನ ತಕ್ಕಡಿಗೂ ಸರ್ಕಾರದ ಮುದ್ರೆ ಬೀಳಬೇಕು. ನಮ್ಮಂಥ ಸಣ್ಣ ಚಿಕಿತ್ಸಾಲಯವೂ 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ನೋಂದಾಯಿಸಿಕೊಂಡು, ಶುಲ್ಕದ ಪಟ್ಟಿಯನ್ನು ಗೋಡೆಗೆ ತೂಗುಹಾಕಬೇಕು. ಇದು ನ್ಯಾಯವೇ. ಆದರೆ ಕೋಟ್ಯಂತರ ಜನರಿಗೆ ಆರೋಗ್ಯದ ಮಾತು ಹೇಳುವ ಯಂತ್ರಕ್ಕೆ, ಕನ್ನಡದಲ್ಲಿ ಅದು ಸರಿಯಾಗಿ ಹೇಳುತ್ತದೆಯೇ ಎಂದು ನೋಡಿ ಮುದ್ರೆಯೊತ್ತುವ ಅಧಿಕಾರಿ ಯಾರೂ ಇಲ್ಲ. 2025ರ ನವೆಂಬರ್‌ನಲ್ಲಿ ಕೇಂದ್ರವು ಪ್ರಕಟಿಸಿದ ಕೃತಕ ಬುದ್ಧಿಮತ್ತೆಯ ಆಡಳಿತ ಮಾರ್ಗಸೂಚಿಗಳು ಪ್ರತ್ಯೇಕ ಕಾಯ್ದೆಯ ಬದಲು ಸ್ವಯಂಪ್ರೇರಿತ ಪಾಲನೆಗೇ ಒತ್ತು ನೀಡಿವೆ. ಐರೋಪ್ಯ ಒಕ್ಕೂಟವು ಬೇರೆ ದಾರಿ ಹಿಡಿಯಿತು. 2024ರ ಆಗಸ್ಟ್ 1ರಂದು ಜಾರಿಗೆ ಬಂದು ಹಂತಹಂತವಾಗಿ ಅನ್ವಯವಾಗುತ್ತಿರುವ ಅಲ್ಲಿನ ಕಾಯ್ದೆಯು ಅಪಾಯದ ಪ್ರಮಾಣಕ್ಕೆ ತಕ್ಕಂತೆ ಕರ್ತವ್ಯಗಳನ್ನು ವಿಧಿಸುತ್ತದೆ. ನಿಷಿದ್ಧ ಬಳಕೆಗೆ ಕಂಪನಿಯ ಜಾಗತಿಕ ವಹಿವಾಟಿನ ಶೇ. 7ರವರೆಗೂ ದಂಡ ವಿಧಿಸಬಹುದು.

ತುಂಗಭದ್ರೆಯು ಕಲಿಸಿದ ಪಾಠ

ಸ್ವಯಂಪ್ರೇರಿತ ಪಾಲನೆಯ ವಿಚಾರದಲ್ಲಿ ಹರಿಹರದ ಸುತ್ತಲಿನ ಹಿರಿಯರಿಗೆ ಯಾರೂ ಪಾಠ ಹೇಳಬೇಕಿಲ್ಲ. 1980ರ ದಶಕದಲ್ಲಿ ಕುಮಾರಪಟ್ಟಣದ ಕಾರ್ಖಾನೆಯ ತ್ಯಾಜ್ಯವು ತುಂಗಭದ್ರೆಯನ್ನು ಸೇರುತ್ತಿದೆಯೆಂದು ಕೆಳದಂಡೆಯ ಗ್ರಾಮಸ್ಥರೂ ಮೀನುಗಾರರೂ ದನಿಯೆತ್ತಿದರು. ಸಮಾಜ ಪರಿವರ್ತನ ಸಮುದಾಯದಂಥ ಸಂಘಟನೆಗಳು ಅವರೊಡನೆ ನಿಂತವು. ಕಾರ್ಖಾನೆಯು ಸಾವಿರಾರು ಕುಟುಂಬಗಳಿಗೆ ಅನ್ನ ಕೊಡುತ್ತಿತ್ತು. ಅದನ್ನು ಯಾರೂ ಅಲ್ಲಗಳೆಯಲಿಲ್ಲ. ಜನರು ಕೇಳಿದ್ದು ಇಷ್ಟೇ: ನೀರು ಶುದ್ಧವೆಂದು ಹೇಳುವವನು ನೀರು ಬಿಡುವವನೇ ಆಗಬಾರದು, ಪರೀಕ್ಷಿಸುವವರು ಬೇರೆಯವರಿರಬೇಕು. 1974ರ ಜಲಮಾಲಿನ್ಯ ಕಾಯ್ದೆ ಪುಸ್ತಕದಲ್ಲಿದ್ದರೂ ಅದಕ್ಕೆ ಜೀವ ಬಂದುದು ದಂಡೆಯ ಜನ ಎದ್ದುನಿಂತಾಗ.

ಮಾಹಿತಿಯೂ ಒಂದು ನದಿಯೇ. ಮೇಲ್ದಂಡೆಯಲ್ಲಿ ಏನು ಬೆರೆಯುತ್ತಿದೆಯೆಂಬುದು ಕೆಳದಂಡೆಯಲ್ಲಿ ಬೊಗಸೆಯೊಡ್ಡುವವನಿಗೆ ಕಾಣದು. 'ನೋಡಿ ಕುಡಿಯಿರಿ' ಎಂದು ಅವನಿಗಷ್ಟೇ ಹೇಳಿ ಸುಮ್ಮನಾಗುವುದು ನ್ಯಾಯವಲ್ಲ.

ನಿಯಂತ್ರಣದಿಂದ ಹೊಸ ಶೋಧಗಳು ನಿಲ್ಲುತ್ತವೆ ಎಂಬ ಆಕ್ಷೇಪವಿದೆ. ಅದನ್ನು ನಾವು ಹಗುರವಾಗಿ ಕಾಣುವುದಿಲ್ಲ. ರಾತ್ರಿ ಹೊತ್ತು ವೈದ್ಯರು ಸಿಗದ ಹಳ್ಳಿಯಲ್ಲಿ ಮಗುವಿನ ಜ್ವರದ ಬಗ್ಗೆ ಸರಿಯಾದ ಮಾಹಿತಿ ಕನ್ನಡದಲ್ಲಿ ದೊರೆತರೆ ಅದು ದೊಡ್ಡ ಉಪಕಾರ. ಕ್ಷಯರೋಗದ ಎಕ್ಸ್-ರೇಗಳನ್ನು, ಮಧುಮೇಹಿಗಳ ಕಣ್ಣಿನ ಪಟಲದ ಚಿತ್ರಗಳನ್ನು ಓದುವುದರಲ್ಲಿ ಯಂತ್ರವು ವೈದ್ಯರಿಗೆ ನೆರವಾಗುತ್ತಿದೆ. ಆದರೆ ವತ್ಸನಾಭವೂ ಶೋಧನೆಯಾದ ಮೇಲೆಯೇ ಔಷಧ, ಶೋಧಿಸದಿದ್ದರೆ ವಿಷ. ಶೋಧನೆಯ ನಿಯಮವು ವತ್ಸನಾಭವನ್ನು ಕೊಲ್ಲಲಿಲ್ಲ, ಬಳಕೆಗೆ ಯೋಗ್ಯವಾಗಿಸಿತು. ಕಾನೂನಿನ ಕೆಲಸವೂ ಅದೇ.

ನಾವು ಕೇಳಬೇಕಾದುದು

ಒಂದು: ಆರೋಗ್ಯದ ಸಲಹೆ ನೀಡುವ ಪ್ರತಿಯೊಂದು ಡಿಜಿಟಲ್ ಸೇವೆಯೂ ನೋಂದಣಿಯಾಗಬೇಕು, ಬಳಕೆಗೆ ಬರುವ ಮುನ್ನ ಕನ್ನಡವೂ ಸೇರಿದಂತೆ ಆಯಾ ಭಾಷೆಯಲ್ಲಿ ಸ್ವತಂತ್ರ ಪರೀಕ್ಷೆಗೆ ಒಳಗಾಗಬೇಕು.

ಎರಡು: ಮಾಹಿತಿಯನ್ನು ಬೆಲೆಯಾಗಿ ಪಡೆಯುವ 'ಉಚಿತ' ಸೇವೆಯೂ ಗ್ರಾಹಕ ಕಾಯ್ದೆಯ ವ್ಯಾಪ್ತಿಗೆ ಬರಬೇಕು.

ಮೂರು: ಮಾಹಿತಿ ಸೋರಿಕೆಯಿಂದಲೋ ತಪ್ಪು ಸಲಹೆಯಿಂದಲೋ ನೊಂದವರಿಗೆ ನೇರ ಪರಿಹಾರ ದೊರೆಯಬೇಕು.

ನಾಲ್ಕು: ಔಷಧದ ದುಷ್ಪರಿಣಾಮಗಳನ್ನು ವರದಿ ಮಾಡುವ ವ್ಯವಸ್ಥೆ ಇರುವಂತೆ, ಯಂತ್ರದ ಸಲಹೆಯಿಂದಾದ ಹಾನಿಯನ್ನು ವರದಿ ಮಾಡುವ ವ್ಯವಸ್ಥೆಯೂ ಬೇಕು.

ಐದು: ಔಷಧದ ಜಾಹೀರಾತಿಗೆ ಪೂರ್ವಾನುಮತಿ ಮರಳಿ ಬರಬೇಕು, ಹಣ ಪಡೆದು ಅದನ್ನು ತೋರಿಸುವ ವೇದಿಕೆಯೂ ಹೊಣೆ ಹೊರಬೇಕು.

ಆರು: ಷರತ್ತುಗಳು ಕನ್ನಡದಲ್ಲಿರಬೇಕು, ದೂರಿದಾಗ ಕನ್ನಡದಲ್ಲಿ ಉತ್ತರಿಸುವ ಮನುಷ್ಯರಿರಬೇಕು.

ಇಂದೇ ಮಾಡಬಹುದಾದುದು

ಕಾನೂನು ಬರುವವರೆಗೆ ಕೈಕಟ್ಟಿ ಕೂರಬೇಕಾಗಿಲ್ಲ. ಓದುಗ ಬಂಧುಗಳು ಇವುಗಳನ್ನು ನೆನಪಿಟ್ಟುಕೊಳ್ಳಬೇಕೆಂದು ಕೋರುತ್ತೇವೆ.

ಮೊಬೈಲು ಏನೇ ಹೇಳಲಿ, ನಡೆಯುತ್ತಿರುವ ಔಷಧವನ್ನು ವೈದ್ಯರನ್ನು ಕೇಳದೆ ನಿಲ್ಲಿಸಬೇಡಿ. ಎದೆನೋವು, ಉಸಿರಾಟದ ತೊಂದರೆ, ಮಾತು ತೊದಲುವುದು, ಪ್ರಜ್ಞೆ ತಪ್ಪುವುದು ಇವುಗಳಲ್ಲಿ ಯಂತ್ರವನ್ನು ವಿಚಾರಿಸುತ್ತ ಕಾಲ ಕಳೆಯದೆ 108ಕ್ಕೆ ಕರೆ ಮಾಡಿ. ಆರೋಗ್ಯದ ಮಾಹಿತಿಗೆ 104, ಮನಸ್ಸಿನ ತೊಳಲಾಟಕ್ಕೆ 14416 ಇವೆ. ಅಲ್ಲಿ ಮಾತನಾಡುವವರು ಮನುಷ್ಯರು.

ಆನ್‌ಲೈನಿನಲ್ಲಿ ಔಷಧ ಕೊಂಡರೆ ಬಿಲ್ಲು, ಡಬ್ಬಿ, ಜಾಹೀರಾತಿನ ಚಿತ್ರ, ಹಣ ಸಂದಾಯದ ದಾಖಲೆ ಇವುಗಳನ್ನು ಕಾಯ್ದಿಡಿ. ಆಯುರ್ವೇದ ಔಷಧಗಳ ದಾರಿತಪ್ಪಿಸುವ ಜಾಹೀರಾತನ್ನು 2025ರ ಮೇ ತಿಂಗಳಿನಲ್ಲಿ ಆರಂಭವಾದ 'ಆಯುಷ್ ಸುರಕ್ಷಾ' ಜಾಲತಾಣದಲ್ಲಿ ದೂರಬಹುದು. ಹಣ ಕಳೆದುಕೊಂಡರೆ ತಡಮಾಡದೆ 1930ಕ್ಕೆ ಕರೆ ಮಾಡಿ. ಇತರ ಗ್ರಾಹಕ ದೂರುಗಳಿಗೆ 1915 ಸಹಾಯವಾಣಿಯಲ್ಲಿ ಕನ್ನಡದಲ್ಲಿಯೇ ಮಾತನಾಡಬಹುದು.

ಬಹಳ ಮಂದಿಗೆ ತಿಳಿಯದ ಮಾತೊಂದಿದೆ. ಕಂಪನಿಯ ಕಚೇರಿ ಮುಂಬಯಿಯಲ್ಲಿರಲಿ, ದೆಹಲಿಯಲ್ಲಿರಲಿ, ಗ್ರಾಹಕನು ತಾನು ವಾಸಿಸುವ ಜಿಲ್ಲೆಯಲ್ಲಿಯೇ ದೂರು ಸಲ್ಲಿಸಬಹುದೆಂದು 2019ರ ಕಾಯ್ದೆ ಹೇಳುತ್ತದೆ. ಹರಿಹರದವರು ದಾವಣಗೆರೆಯ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋದರೆ ಸಾಕು. ಕೊಟ್ಟ ಬೆಲೆಯು ಐದು ಲಕ್ಷ ರೂಪಾಯಿಗಳವರೆಗೆ ಇದ್ದರೆ ಶುಲ್ಕವೇ ಇಲ್ಲ. ವಕೀಲರಿಲ್ಲದೆ ತಾವೇ ವಾದಿಸಬಹುದು. ತೊಂದರೆಯಾದ ಎರಡು ವರ್ಷಗಳೊಳಗೆ ದೂರು ಸಲ್ಲಿಸಬೇಕು. ಇನ್ನೂರು ರೂಪಾಯಿಯ ಚೂರ್ಣಕ್ಕಾಗಿ ಯಾರು ಅಲೆಯುತ್ತಾರೆ ಎಂದು ಕೈಬಿಡುವವರೇ ಹೆಚ್ಚು. ವಂಚಕನ ಬಂಡವಾಳವೇ ಆ ಉದಾಸೀನ.

ನಮ್ಮ ಕಾಲದ ಅರಸನು ಪ್ರಜೆಯೇ ಆಗಿದ್ದಾನೆ. ರೋಗಾಭಿಸರರ ಸಂಚಾರಕ್ಕೆ ಅರಸನ ಅಜಾಗರೂಕತೆ ಕಾರಣವೆಂದು ಚರಕರು ಹೇಳಿದ ಮಾತು ಈಗ ನಮಗೂ ನಿಮಗೂ ಅನ್ವಯಿಸುತ್ತದೆ. ಮತ ಕೇಳಲು ಬರುವವರನ್ನು ರಸ್ತೆ, ಚರಂಡಿಗಳ ಬಗ್ಗೆ ಪ್ರಶ್ನಿಸುವಂತೆಯೇ ಈ ಕಾನೂನಿನ ಬಗ್ಗೆಯೂ ಪ್ರಶ್ನಿಸೋಣ. ಮನೆಯ ಹಿರಿಯರ ಮೊಬೈಲಿನಲ್ಲಿ ಯಾವ ವೈದ್ಯ ಮಾತನಾಡುತ್ತಿದ್ದಾನೆಂದು ಈ ಸಂಜೆಯೇ ಒಮ್ಮೆ ಕುಳಿತು ನೋಡೋಣ.